ಮುನ್ನೂರು ರೂಪಾಯಿ ಬಾಕಿ ಇದೆ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಆರ್ಕೆಸ್ಟ್ರಾಗಳ ಎಲ್ಲ ಕಲಾವಿದರಿಗೆ,



ನಿಮ್ಮಲ್ಲೊಂದು ತಂಡಕ್ಕೆ ನಮ್ಮ ಬೀದಿಯವರು ಮುನ್ನೂರು ರೂಪಾಯಿ ಕೊಡಬೇಕಿದೆ. ಮೂವತ್ತು ವರ್ಷ ದಾಟಿದ ಬಾಕಿ. ಯಾವ ತಂಡ ಎನ್ನುವುದೇ ಮರೆತುಹೋಗಿರುವುದರಿಂದ, ಒಬ್ಬರಿಗೆ ಬರೆಯಬೇಕಾದ ಪತ್ರವನ್ನು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ನಡೆದದ್ದಿಷ್ಟು. ಆಗಿನ್ನೂ ನಮ್ಮ ಶೆಟ್ಟಿಹಳ್ಳಿ ಅರ್ಧ ಹಳ್ಳಿ, ಅರ್ಧ ಪೇಟೆ. ರೈಲ್ವೆ ಗೇಟು ಬಿತ್ತೆಂದರೆ ತುಮಕೂರು ಆ ಕಡೆ, ನಾವು ಈ ಕಡೆ. ಗಣಪತಿ ಕೂರಿಸಿದ ಐದನೇ ದಿನ ರಾತ್ರಿ ರಸಮಂಜರಿ. ನಾನು ಪಿಯುಸಿ ಹುಡುಗ. ಆಂಜನೇಯನ ಗುಡಿಯಿಂದ ಗೇಟಿನವರೆಗೆ ಮನೆಮನೆ ಸುತ್ತಿ ಚಂದಾ ಎತ್ತುವ ರಸೀದಿ ಪುಸ್ತಕ ನನ್ನ ಕೈಯಲ್ಲಿತ್ತು. ಎರಡು ಟ್ರ್ಯಾಕ್ಟರ್ ಟ್ರೇಲರ್ ಜೋಡಿಸಿ ಮೇಲೆ ಹಲಗೆ ಹಾಸಿದ್ದೇ ಸ್ಟೇಜು. ಸಂಜೆ ಏಳಕ್ಕೆ ನಿಮ್ಮ ಮೆಟಡೋರ್ ಬಂತು. ಚಿತ್ರಾನ್ನ ತಿಂದಿರಿ, ಒಂಬತ್ತೂವರೆಗೆ ಶುರು ಮಾಡಿದಿರಿ. ಹನ್ನೊಂದರ ಹೊತ್ತಿಗೆ, ಒಂದು ಹಾಡಿನ ನಡುಮಧ್ಯದಲ್ಲಿ, ಮಳೆ ಹುಯ್ದುಬಿಟ್ಟಿತು. ಜನ ಚಾಪೆಯನ್ನೇ ತಲೆಮೇಲೆ ಹೊದ್ದುಕೊಂಡು ಓಡಿದರು. ನೀವು ಓಡಲಿಲ್ಲ. ಕೀಬೋರ್ಡಿನವರು ಅದರ ಮೇಲೆ ಕವುಚಿ ಬಿದ್ದರು. ತಬಲಾದವರು ಅಂಗಿ ಬಿಚ್ಚಿ ತಬಲಾಕ್ಕೆ ಸುತ್ತಿ, ತಾವು ಬನಿಯನ್ನಿನಲ್ಲಿ ನೆನೆಯುತ್ತ ನಿಂತರು.

ಮಳೆ ನಿಂತ ಮೇಲೆ ಲೆಕ್ಕ. “ಅರ್ಧ ಪ್ರೋಗ್ರಾಮು ತಾನೇ ಆಗಿದ್ದು” ಎಂದು ನಮ್ಮ ಖಜಾಂಚಿ ಅಣ್ಣ ಮಾತಾಡಿದ ದುಡ್ಡಿನಲ್ಲಿ ಮುನ್ನೂರು ಹಿಡಿದುಕೊಂಡರು. ನಿಮ್ಮ ಮಾಸ್ಟರು ನೋಟುಗಳನ್ನು ಎರಡು ಸಲ ಎಣಿಸಿ, “ಹುಡುಗ್ರಿಗೆ ಬಟವಾಡೆ ಮಾಡ್ಬೇಕು ಸಾರ್” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಚೀಲದಲ್ಲಿ ಇನ್ನೂ ದುಡ್ಡಿರುವುದು ನನಗೆ ಗೊತ್ತಿತ್ತು. ಸುಮ್ಮನಿದ್ದೆ.

ಈಗ ಆ ಖಜಾಂಚಿ ಅಣ್ಣ ಇಲ್ಲ. ಅವರ ಮನೆಯವರನ್ನು ಕೇಳಿ ಹಳೆಯ ಲೆಕ್ಕದ ಪುಸ್ತಕ ಹುಡುಕಿಸಿದೆ. ಆ ವರ್ಷದ ಖರ್ಚಿನ ಪುಟ ಸಿಕ್ಕಿತು. ಶಾಮಿಯಾನದವರ ಹೆಸರಿದೆ, ಜನರೇಟರಿನವರ ಹೆಸರಿದೆ, ಪ್ರಸಾದ ಮಾಡಿದ ಅಡುಗೆ ಭಟ್ಟರ ಹೆಸರಿದೆ. ನಿಮ್ಮ ಸಾಲಿನಲ್ಲಿ ಬರೀ ‘ಆರ್ಕೆಸ್ಟ್ರಾ’ ಎಂದಿದೆ. ನನ್ನ ತಲೆಯೊಳಗಿನ ಪುಸ್ತಕವೂ ಅದಕ್ಕಿಂತ ವಾಸಿಯೇನಲ್ಲ. ದೊಡ್ಡ ಡ್ರಮ್ಮಿನ ಮುಖದ ಮೇಲೆ ತಂಡದ ಹೆಸರು ಕೆಂಪಗೆ ಬರೆದಿತ್ತು, ಅಕ್ಷರದ ಅಂಚಿಗೆ ಹಳದಿ ನೆರಳಿತ್ತು, ಸೀರಿಯಲ್ ಸೆಟ್ಟಿನ ಬೆಳಕು ಅದರ ಮೇಲೆ ಹತ್ತಿ ಆರುತ್ತಿತ್ತು. ಬಣ್ಣವೆಲ್ಲ ಕಣ್ಣಿಗೆ ಕಟ್ಟಿದೆ. ಅಕ್ಷರ ಮಾತ್ರ ಓದಲಾಗುತ್ತಿಲ್ಲ.

ಹಾಡುಗಳನ್ನು ಕೇಳಿ, ಸಾಲಾಗಿ ಹೇಳುತ್ತೇನೆ. “ಹಲೋ, ಮೈಕ್ ಟೆಸ್ಟಿಂಗ್” ಮುಗಿದ ಮೇಲೆ ಗಣಪತಿಯ ಮೇಲೊಂದು ಭಕ್ತಿಗೀತೆ. ಆಮೇಲೆ ‘ಗೀತಾ’ ಚಿತ್ರದ ಆ ಗಿಟಾರ್ ಹಾಡು. 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ್ದು, ಇಳಯರಾಜ ಸಂಗೀತ, ಎಸ್ಪಿಬಿ ದನಿ. ಕರ್ನಾಟಕದಲ್ಲಿ ಆ ಹಾಡಿಲ್ಲದೆ ಆರ್ಕೆಸ್ಟ್ರಾ ಶುರುವಾದದ್ದನ್ನು ನಾನು ನೋಡಿಲ್ಲ. ಮೂರನೆಯದಕ್ಕೆ ಜೂನಿಯರ್ ರಾಜ್‌ಕುಮಾರ್ ಕೋಲು ಹಿಡಿದು ಬಂದು, ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆ ಹಾಡು ಹಾಡಿದರು. 1974ರ ಆ ಹಾಡಿಗೆ ನಮ್ಮಜ್ಜಿ ಕೂಡ ಚಪ್ಪಾಳೆ ತಟ್ಟಿದಳು. ಅದೇ ಅಣ್ಣ ಎರಡು ನಿಮಿಷದಲ್ಲಿ ಕೋಟು ಹಾಕಿಕೊಂಡು ಬಂದು, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ರಾಜಣ್ಣ ಇಂಗ್ಲಿಷಿನಲ್ಲಿ ಹಾಡಿದ ಹಾಡು ಎತ್ತಿಕೊಂಡರು. ನಮ್ಮ ಬೀದಿಯಲ್ಲಿ ಅದರ ಅರ್ಥ ಪೂರ್ತಿ ಗೊತ್ತಿದ್ದವರು ಇಬ್ಬರೋ ಮೂವರೋ. ಕುಣಿದವರು ಎಲ್ಲರೂ. ಆಮೇಲೆ ‘ಪ್ರೇಮಲೋಕ’ದ ಸಾಲು. 1987ರಲ್ಲಿ ರವಿಚಂದ್ರನ್ ಮತ್ತು ಹಂಸಲೇಖ ಸೇರಿ ನಾಡಿಗೆ ಹಿಡಿಸಿದ ಆ ಹುಚ್ಚು ಆಗಿನ್ನೂ ಇಳಿದಿರಲಿಲ್ಲ.

ಹಾಡು ಬರೆದವರು, ರಾಗ ಹಾಕಿದವರು, ಸಿನಿಮಾದಲ್ಲಿ ಹಾಡಿದವರು, ಎಲ್ಲರ ಹೆಸರೂ ನಾಲಗೆ ತುದಿಯಲ್ಲಿವೆ. ಆ ಹಾಡುಗಳನ್ನು ನನ್ನ ಕಣ್ಣೆದುರು, ಹತ್ತು ಅಡಿ ದೂರದಲ್ಲಿ, ಕೈಬೆರಳಿನಿಂದ ಹುಟ್ಟಿಸಿ ತೋರಿಸಿದವರ ಹೆಸರು ಒಂದೂ ಇಲ್ಲ. ರೇಡಿಯೊದಲ್ಲಿ ಕೇಳುವಾಗ ಹಾಡು ಎಂದರೆ ನಮಗೆ ಒಂದೇ ಮುದ್ದೆ. ಅದರೊಳಗೆ ಬೇಸ್ ಗಿಟಾರ್ ಅಂತ ಒಂದಿದೆ, ಅದು ಸುಮ್ಮನಾದರೆ ಹಾಡಿನ ಕಾಲು ಮುರಿಯುತ್ತದೆ ಎಂದು ತಿಳಿದದ್ದು ನಿಮ್ಮ ತಂಡದ ಬೇಸಿನವರು ತಂತಿ ಸರಿಮಾಡಿಕೊಳ್ಳಲು ಅರ್ಧ ನಿಮಿಷ ನಿಲ್ಲಿಸಿದಾಗ. ಬಾಂಗೊ ಬೇರೆ, ಕಾಂಗೊ ಬೇರೆ ಎಂದು ತಿಳಿದದ್ದು ನಿಮ್ಮಿಂದ. ಚರಣಕ್ಕೂ ಚರಣಕ್ಕೂ ನಡುವೆ ಬರುವ ಆ ಚೂರು ಸಂಗೀತಕ್ಕೆ ‘ಬಿಟ್’ ಎನ್ನುತ್ತಾರೆಂದು, ಅದನ್ನು ತಪ್ಪಿಲ್ಲದೆ ನುಡಿಸುವವನೇ ನಿಜವಾದ ವಾದ್ಯಗಾರನೆಂದು ಹೇಳಿಕೊಟ್ಟವರು ನೀವು. ಆ ದಿನಗಳಲ್ಲಿ ನಮಗೆ ಸಂಗೀತ ಶಾಲೆ ಅಂತ ಇದ್ದದ್ದು ಆ ಟ್ರ್ಯಾಕ್ಟರ್ ಟ್ರೇಲರ್ ಒಂದೇ.

ಹಾಗಂತ ಮರೆವಿನ ತಪ್ಪೆಲ್ಲ ನಮ್ಮ ಬೀದಿಯದೇ ಅಲ್ಲ. ವಾದಕರ ಹೆಸರು ಬಿಡುವುದು ಲೋಕದ ಚಾಳಿ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನಿರ್ಮಾಪಕರ ಹೆಸರಿರುತ್ತಿತ್ತು, ಗಿಟಾರಿನವರದು ಇರುತ್ತಿರಲಿಲ್ಲ. ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕನಾಗಿ, ಗಿಟಾರ್ ನುಡಿಸಿಕೊಂಡಿದ್ದ ಹುಡುಗನೊಬ್ಬ ಮುಂದೆ ಇಳಯರಾಜ ಆದ. ಆದ್ದರಿಂದ ಅವನ ಗಿಟಾರು ನಮಗೆ ನೆನಪಿದೆ. ಪಕ್ಕದ ಕುರ್ಚಿಯಲ್ಲಿ ಕೂತು ನುಡಿಸಿ, ಹಾಗೇ ಮನೆಗೆ ಹೋದವರು? ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಎಂಬ ಕಂಪನಿ 60ರ ದಶಕದಲ್ಲಿ ಲೋಕವನ್ನೆಲ್ಲ ಕುಣಿಸಿತು. ಆ ಹಾಡುಗಳಿಗೆ ನುಡಿಸುತ್ತಿದ್ದ ಕಾಯಂ ತಂಡದವರ ಹೆಸರು ತಟ್ಟೆಯ ಹೊದಿಕೆಯ ಮೇಲೆ ಬರಲು 1971ರವರೆಗೆ, ಮಾರ್ವಿನ್ ಗೇ ಎಂಬ ಗಾಯಕನ ಆಲ್ಬಮ್ಮಿನವರೆಗೆ ಕಾಯಬೇಕಾಯಿತು. ಮುಂಬಯಿಯ ಹಿಂದಿ ಸಿನಿಮಾಗಳಿಗೆ ಪಿಟೀಲು ನುಡಿಸಿದ ಗೋವಾದ ಅಂಥೋನಿ ಗೊನ್ಸಾಲ್ವಿಸ್ ಅವರ ಹೆಸರು ಇಡೀ ದೇಶಕ್ಕೆ ಗೊತ್ತು. ಗೊತ್ತಾದದ್ದು ಹೇಗೆ? ಅವರ ಶಿಷ್ಯ ಪ್ಯಾರೇಲಾಲ್ 1977ರ ‘ಅಮರ್ ಅಕ್ಬರ್ ಅಂಥೋನಿ’ ಚಿತ್ರದ ಒಂದು ಹಾಡಿಗೆ ಗುರುವಿನ ಹೆಸರನ್ನೇ ಇಡಿಸಿದ್ದರಿಂದ. ಯಾರೋ ಒಬ್ಬರು ಪಟ್ಟು ಹಿಡಿದು ಹೇಳದಿದ್ದರೆ ಹೆಸರು ಉಳಿಯುವುದಿಲ್ಲ.

ನಿಮ್ಮ ಜೊತೆ ಬರುತ್ತಿದ್ದ ಅಕ್ಕಂದಿರ ಬಗ್ಗೆ ಪ್ರತ್ಯೇಕ ಹೇಳಬೇಕು. ಆವತ್ತು ಇಬ್ಬರು ಬಂದಿದ್ದರು. ಸ್ಟೇಜಿನ ಮೂಲೆಯಲ್ಲಿ ಕಬ್ಬಿಣದ ಮಡಿಸುವ ಕುರ್ಚಿ, ರೇಷ್ಮೆ ಸೀರೆಯ ಮೇಲೆ ಸ್ವೆಟರು, ತೊಡೆಯ ಮೇಲೆ ಹಾಡಿನ ಡೈರಿ. ತಮ್ಮ ಸರದಿ ಬಂದಾಗ ಸ್ವೆಟರು ಕಳಚಿ ಕುರ್ಚಿಗೆ ಹಾಕಿ ಎದ್ದು ಬರುತ್ತಿದ್ದರು. ಎಸ್. ಜಾನಕಿಯ ಹಾಡು ಮುಗಿದ ಕೂಡಲೇ ವಾಣಿ ಜಯರಾಂ, ಅದು ಮುಗಿದರೆ ಬಿ.ಕೆ. ಸುಮಿತ್ರಾ. ಒಂದು ರಾತ್ರಿಗೆ ಒಂದು ಗಂಟಲಲ್ಲಿ ಎಷ್ಟು ಗಂಟಲು! ಒಬ್ಬರ ಮಗು ಸ್ಪೀಕರ್ ಬಾಕ್ಸಿನ ಹಿಂದೆ ಗೋಣಿಚೀಲದ ಮೇಲೆ ಮಲಗಿತ್ತು, ಅಷ್ಟು ಗಲಾಟೆಯಲ್ಲೂ ಎಚ್ಚರವಾಗದೆ. ಮುಂದಿನ ಸಾಲಿನಿಂದ ಚೀಟಿ ಬರುತ್ತಿದ್ದವು. ಹಾಡಿನ ಹೆಸರು ಬರೆದ ಚೀಟಿಗಳ ಜೊತೆ ಬೇರೆ ಮಾತು ಬರೆದವೂ ಬರುತ್ತಿದ್ದವೆಂದು ಆಮೇಲೆ ತಿಳಿಯಿತು. ಅವನ್ನು ಓದಿ, ಮುಖದಲ್ಲಿ ಏನೂ ತೋರಿಸದೆ, ಡೈರಿಯೊಳಗೆ ಇಟ್ಟುಕೊಂಡು ಮುಂದಿನ ಹಾಡಿಗೆ ಶ್ರುತಿ ಕೇಳುತ್ತಿದ್ದರು. ಬೆಳಗಿನ ಜಾವ ಮನೆ ಸೇರಿದಾಗ ಬಾಗಿಲು ತೆರೆದವರು ಏನೆನ್ನುತ್ತಿದ್ದರೋ. ನಮ್ಮ ಬೀದಿ ಅವರ ಹಾಡಿಗೆ ಒನ್ಸ್‌ಮೋರ್ ಹೊಡೆಯಿತು. ಮಾರನೇ ದಿನ ಅದೇ ಬೀದಿ, ನಮ್ಮ ಮನೆ ಹೆಣ್ಣುಮಕ್ಕಳನ್ನು ಹಾಡೋಕೆ ಕಳಿಸ್ತೀವಾ ಎಂದು ಕೇಳಿಕೊಂಡು, ಇಲ್ಲ ಎಂದು ತಾನೇ ಉತ್ತರ ಹೇಳಿಕೊಂಡಿತು.

“ಅವರದೇನು ಮಹಾ, ಬೇರೆಯವರ ಹಾಡು ತಾನೇ ಹಾಡಿದ್ದು, ಸ್ವಂತದ್ದೇನಿದೆ?” ಎಂದು ನನ್ನ ಮಗನೇ ಕೇಳಿದ. ಬೆಂಗಳೂರಿನಲ್ಲಿ ಓದಿದವನು, ಬ್ಯಾಂಡ್ ಎಂದರೆ ಸ್ವಂತ ಹಾಡು ಇರಲೇಬೇಕು ಎನ್ನುವ ಕಾಲದವನು. ಬೀಟಲ್ಸ್ ಹುಡುಗರು 1960ರಿಂದ ಎರಡು ವರ್ಷ ಜರ್ಮನಿಯ ಹ್ಯಾಂಬರ್ಗ್ ಎಂಬ ಬಂದರು ಪಟ್ಟಣದ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸಿದ್ದು ಬಹುಪಾಲು ಬೇರೆಯವರ ಹಾಡುಗಳನ್ನೇ ಎಂದು ಅವನಿಗೆ ಹೇಳಿದೆ. ಆದರೆ ನಿಮ್ಮ ಪರ ವಾದಿಸಲು ಅಷ್ಟು ದೂರ ಹೋಗಬೇಕಿಲ್ಲ, ಗುಬ್ಬಿ ಸಾಕು. 1884ರಲ್ಲಿ ಹುಟ್ಟಿದ ಗುಬ್ಬಿ ಚೆನ್ನಬಸವೇಶ್ವರ ನಾಟಕ ಕಂಪನಿಯ ನಟರು ಆಡಿದ್ದು ಬೇರೆಯವರು ಬರೆದ ಮಾತುಗಳನ್ನೇ. ಒಬ್ಬ ಬಿಟ್ಟ ಪಾತ್ರವನ್ನು ಇನ್ನೊಬ್ಬ ಹಿಡಿಯುತ್ತಿದ್ದ. ಅದನ್ನು ನಕಲು ಎಂದು ಯಾರೂ ಅನ್ನಲಿಲ್ಲ. ಗುಬ್ಬಿ ವೀರಣ್ಣನವರ ಹೆಸರು ನಾಡಿಗೆಲ್ಲ ಗೊತ್ತು. ಅದೇ ಕಂಪನಿಯಲ್ಲಿ ಅಪ್ಪನ ಜೊತೆ ಬಣ್ಣ ಹಚ್ಚಿದ ಮುತ್ತುರಾಜನೇ ನಮ್ಮ ರಾಜ್‌ಕುಮಾರ್. ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವೇ ಇದೆ. ನಿಮ್ಮದೂ ಊರೂರು ಸುತ್ತಿದ ಮೇಳವೇ. ಕಂಪನಿಗೆ ಟಿಕೆಟಿತ್ತು, ಅದರ ಮೇಲೆ ಹೆಸರು ಅಚ್ಚಾಗುತ್ತಿತ್ತು. ನಿಮ್ಮ ಹಾಡು ಬಯಲಿನಲ್ಲಿ ಕೇಳುವವರಿಗೆ ಪುಕ್ಕಟೆ ಸಿಕ್ಕಿತು. ಪುಕ್ಕಟೆ ಸಿಕ್ಕಿದ್ದರ ವಿಳಾಸ ಯಾರು ಇಟ್ಟುಕೊಳ್ಳುತ್ತಾರೆ?

ನೀವು ಕಡಿಮೆಯಾದದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಬಂದದ್ದು ಕೀಬೋರ್ಡು. ಕ್ಯಾಸಿಯೊ ಕಂಪನಿ ತನ್ನ ಮೊದಲ ಕೀಬೋರ್ಡ್ ಹೊರತಂದದ್ದು 1980ರಲ್ಲಿ. ನಮ್ಮ ಕಡೆ ತಲುಪುವಷ್ಟರಲ್ಲಿ ಯಾವ ಕಂಪನಿಯದಾದರೂ ಅದರ ಹೆಸರು ‘ಕ್ಯಾಸಿಯೊ’ ಎಂದೇ ಆಗಿತ್ತು. ಅದರೊಳಗೆ ಕೊಳಲಿತ್ತು, ಪಿಟೀಲಿತ್ತು, ಅಕಾರ್ಡಿಯನ್ ಇತ್ತು. ಅವನ್ನು ನುಡಿಸುತ್ತಿದ್ದ ಮೂವರಿಗೆ ಮೆಟಡೋರಿನಲ್ಲಿ ಜಾಗ ಇಲ್ಲವಾಯಿತು. ರೋಲ್ಯಾಂಡ್ ಕಂಪನಿ 1985ರಲ್ಲಿ ಆಕ್ಟಾಪ್ಯಾಡ್ ತಂದಿತು. ಎಂಟು ಚೌಕಗಳ ಆ ಹಲಗೆ ‘ಪ್ಯಾಡ್’ ಎಂಬ ಹೆಸರಲ್ಲಿ ಸ್ಟೇಜಿಗೆ ಹತ್ತಿದ ಮೇಲೆ ಢೋಲಕ್ಕಿನವರು, ಕಾಂಗೊದವರು, ಸೈಡ್ ರಿದಮ್ಮಿನವರು ಕೆಳಗಿಳಿದರು. ಹನ್ನೆರಡು ಜನರ ತಂಡ ಆರಾಯಿತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಬಂದವು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು. ನಿಯಮ ಸರಿಯಾದದ್ದೇ. ಮನೆಯಲ್ಲಿ ಕಾಯಿಲೆಯವರಿದ್ದಾಗ, ಮಕ್ಕಳ ಪರೀಕ್ಷೆ ಇದ್ದಾಗ ಅದರ ಬೆಲೆ ನನಗೂ ಗೊತ್ತಾಗಿದೆ. ಆದರೆ ಒಂಬತ್ತೂವರೆಗೆ ಶುರುವಾಗಿ ಎರಡು ಗಂಟೆಗೆ ಮಂಗಳ ಹಾಡುತ್ತಿದ್ದ ನಿಮ್ಮ ರಾತ್ರಿ ಅಲ್ಲಿಗೆ ಅರ್ಧ ಗಂಟೆಗೆ ಇಳಿಯಿತು. ಆಮೇಲೆ ವಾದ್ಯವೇ ಬೇಡದ ಟ್ರ್ಯಾಕ್ ಬಂತು. ಟ್ರ್ಯಾಕಿನ ಹಿಂದೆ ಹಾಡುಗಾರನೂ ಬೇಡದ ಡಿಜೆ ಬಂತು. ಟಿವಿಯವರು ಹಾಡುವ ಮಕ್ಕಳನ್ನು ಮುಂದೆ ನಿಲ್ಲಿಸಿ, ನುಡಿಸುವವರನ್ನು ಹಿಂದಿನ ಕತ್ತಲಲ್ಲಿ ಕೂರಿಸಿದರು.

ನಿಮ್ಮಲ್ಲಿ ಕೆಲವರು ಎಲ್ಲಿದ್ದೀರಿ ಎಂದು ನನಗೆ ಅಂದಾಜಿದೆ. ಈಚೆಗೆ ಒಂದು ಹಳ್ಳಿಯಲ್ಲಿ ‘ಕುರುಕ್ಷೇತ್ರ’ ನೋಡಲು ಹೋಗಿದ್ದೆ. ನಮ್ಮ ಜಿಲ್ಲೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲವಲ್ಲ. ಡ್ರಾಮಾ ಸೀನರಿ ಕಟ್ಟಿದ್ದರು, ದುರ್ಯೋಧನನಾಗಿದ್ದವರು ಆ ಊರಿನ ರೈತರು, ಹಾರ್ಮೋನಿಯಂ ಮೇಷ್ಟ್ರು ಕಂದಪದ್ಯಕ್ಕೆ ಶ್ರುತಿ ಕೊಡುತ್ತಿದ್ದರು. ಅವರ ಪಕ್ಕ ತಲೆ ನರೆತ ಒಬ್ಬರು ರಿದಂ ಪ್ಯಾಡ್ ಇಟ್ಟುಕೊಂಡು ಕೂತಿದ್ದರು. ಭೀಮ ಗದೆ ಎತ್ತಿದಾಗ ಅವರು ಕೊಟ್ಟ ಏಟಿನಲ್ಲಿ ನನಗೆ ಕೇಳಿಸಿದ್ದು ಕುರುಕ್ಷೇತ್ರವಲ್ಲ, ‘ಪ್ರೇಮಲೋಕ’. ಹೋಗಿ ಮಾತಾಡಿಸಿದೆ. “ಆರ್ಕೆಸ್ಟ್ರಾದಲ್ಲಿದ್ದೆ ಸಾರ್, ಕುಣಿಗಲ್ ಕಡೆ” ಎಂದರು. ಯಾವ ತಂಡ ಎಂದು ಕೇಳಿದರೆ, “ನಾಲ್ಕೈದರಲ್ಲಿ ನುಡ್ಸಿದೀನಿ, ಒಂದೂ ಈಗಿಲ್ಲ ಬಿಡಿ” ಎಂದು ನಕ್ಕರು. ಹೆಸರು ಹೇಳಲಿಲ್ಲ. ಕೇಳುವವರು ಸಿಗದೆ, ಹೇಳುವ ಅಭ್ಯಾಸವೇ ತಪ್ಪಿದೆ ಅನ್ನಿಸಿತು.

ಅವರು ಕುಣಿಗಲ್ ಎಂದದ್ದಕ್ಕೆ ಇನ್ನೊಂದು ಮಾತು ನೆನಪಾಯಿತು. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ಕನ್ನಡಿಗರಿಗೆಲ್ಲ ಗೊತ್ತು. ಅದನ್ನು ಮೊದಲು ಹಾಡಿದ ಬಾಯಿ ಯಾರದೆಂದು ಯಾರಿಗೂ ಗೊತ್ತಿಲ್ಲ. ಹಾಡು ಉಳಿಯಿತಲ್ಲ, ಹೆಸರೇಕೆ ಎನ್ನುವವರಿದ್ದಾರೆ. ನೂರಾರು ವರ್ಷದ ಹಿಂದಿನವರ ಬಗ್ಗೆ ಆ ಮಾತು ಒಪ್ಪಬಹುದು, ಬೇರೆ ದಾರಿಯೂ ಇಲ್ಲ. ನೀವು ಜನಪದವಾಗುವಷ್ಟು ಹಳಬರಾಗಿಲ್ಲ. ಸಿದ್ಧಗಂಗೆ ಜಾತ್ರೆಯಲ್ಲಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ, ಪಕ್ಕದಲ್ಲೇ ಕೂತಿರುತ್ತೀರಿ. ಇರುವವರನ್ನು ಮರೆತು ಅದಕ್ಕೆ ಜನಪದ ಎಂದು ಹೆಸರಿಡುವುದು ಸೋಮಾರಿತನ.

ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನ ರಾಕ್ ಸಂಗೀತಕ್ಕೆ ಚರಿತ್ರೆ ಇದೆ. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಎಂಬ ರಾಕ್ ತಂಡ ಬಂದದ್ದನ್ನು ಪತ್ರಿಕೆಗಳು ಬರೆದವು. ಮೈಸೂರಿನ ರಘು ದೀಕ್ಷಿತ್ ಮೊದಲು ಕಟ್ಟಿದ ‘ಅಂತರಾಗ್ನಿ’ ತಂಡದ ಹೆಸರು ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲದಿದ್ದರೂ, ಶಿಶುನಾಳ ಷರೀಫರ ಪದಗಳಿಗೆ ಅವರು ಗಿಟಾರ್ ಜೋಡಿಸಿ ಹಾಡಿದ್ದು ಆಲ್ಬಮ್ಮಾಗಿ ಉಳಿದಿದೆ. ಸಿ. ಅಶ್ವತ್ಥ್ ಅವರ 2005ರ ‘ಕನ್ನಡವೇ ಸತ್ಯ’ ಕಾರ್ಯಕ್ರಮವನ್ನು ಇವತ್ತಿಗೂ ಮನೆಯಲ್ಲಿ ಕೂತು ಕೇಳಬಹುದು. ನಿಮ್ಮದು ಎಲ್ಲೂ ರೆಕಾರ್ಡ್ ಆಗಿಲ್ಲ. ಆಗಿದ್ದರೆ ಯಾರದೋ ಮನೆಯ ಅಟ್ಟದ ಮೇಲೆ, ಟೇಪ್‌ರೆಕಾರ್ಡರಿನಲ್ಲಿ ತುಂಬಿಕೊಂಡ ಒಂದು ಕ್ಯಾಸೆಟ್ಟಿನಲ್ಲಿ, ಶಿಳ್ಳೆಯ ನಡುವೆ ಇದ್ದೀತು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಹಾಡಿನ ಡೈರಿ ಇದ್ದರೆ ಗುಜರಿಗೆ ಹಾಕಬೇಡಿ. ಹಿಂದಿನ ಪುಟದಲ್ಲಿ ನಿಮ್ಮ ತಂಡದ ಹೆಸರು, ಯಾರು ಯಾವ ವಾದ್ಯ, ಯಾವ ಊರಿನವರು ಎಂದು ಬರೆದಿಡಿ. ಮೆಟಡೋರ್ ಓಡಿಸಿದವರ ಹೆಸರೂ, ವೈರು ಎಳೆದ ಹುಡುಗನ ಹೆಸರೂ ಇರಲಿ. ಜಂಬದ ಮಾತಾಯಿತೇನೋ ಎಂದು ಹಿಂಜರಿಯಬೇಡಿ. ಮೊಮ್ಮಕ್ಕಳ ಕೈಯಲ್ಲಿ ಫೋನಿದೆ, ಹಳೆಯ ಕರಪತ್ರ, ಸ್ಟೇಜಿನ ಫೋಟೊ ಇದ್ದರೆ ತೆಗೆಸಿಡಿ. ಅಕ್ಕಂದಿರೇ, ನಿಮ್ಮ ಡೈರಿಗಳು ಇದ್ದರೆ ಅವೇ ಮೊದಲು ಬೇಕು. ನಿಮ್ಮನ್ನು ಮರೆತಷ್ಟು ಚೆನ್ನಾಗಿ ನಾವು ಬೇರೆ ಯಾರನ್ನೂ ಮರೆತಿಲ್ಲ.

ನನ್ನ ಪಾಲಿನ ಕೆಲಸವನ್ನೂ ಶುರು ಮಾಡಿದ್ದೇನೆ. ನಮ್ಮ ಬೀದಿಯಲ್ಲಿ ಈಗ ಗಣಪತಿ ಕೂರಿಸುವ ಹುಡುಗರ ಹತ್ತಿರ ಹೋಗಿ, ಈ ಸಲ ಹಳೆಯ ಕಲಾವಿದರಿಗೆ ಒಂದು ರಾತ್ರಿ ಕೊಡಿ ಎಂದೆ. “ಅಂಕಲ್, ಡಿಜೆ ಅಡ್ವಾನ್ಸ್ ಆಗೋಗಿದೆ” ಎಂದರು. ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡು, “ಏಳರಿಂದ ಎಂಟೂವರೆ ಕೊಡ್ತೀವಿ. ಆದ್ರೆ ಯಾರನ್ನ ಕರೀಬೇಕು, ಹೆಸರು ಹೇಳಿ” ಎಂದರು. ನನ್ನ ಹತ್ತಿರ ಇಲ್ಲದ್ದನ್ನೇ ಕೇಳಿದರು. ಒಂದು ಮಾತಿಗೆ ಮಾತ್ರ ಒಪ್ಪಿಸಿ ಬಂದಿದ್ದೇನೆ. ನೀವು ಬಂದರೆ, ಆಹ್ವಾನ ಪತ್ರಿಕೆಯಲ್ಲಿ ದಾನಿಗಳ ಪಟ್ಟಿಗಿಂತ ಮೇಲೆ ನಿಮ್ಮ ಹೆಸರುಗಳು, ವಾದ್ಯದ ಸಮೇತ.

ಇನ್ನು ಆ ಮುನ್ನೂರು. ನಾಳೆ ಹತ್ತು ತಂಡದವರು ಬಂದು ‘ನಮ್ಮದೇ’ ಎಂದರೆ ನಾನು ಎಲ್ಲಿಗೆ ಹೋಗಲಿ? ಹಾಗಾಗಿ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಮಳೆ ಬಂದಾಗ ಒಂದು ಹಾಡು ಅರ್ಧಕ್ಕೆ ನಿಂತಿತು. ಪಲ್ಲವಿ ಆಗಿತ್ತು, ಮೊದಲ ಚರಣ ಆಗಿತ್ತು, ಎರಡನೇ ಬಿಟ್ ನುಡಿಸುತ್ತಿದ್ದಿರಿ. ಅದು ಯಾವ ಹಾಡು? ನನಗೂ ಗೊತ್ತು, ನಿಮಗೂ ಗೊತ್ತು, ಓಡಿಹೋದ ಜನಕ್ಕೆ ಗೊತ್ತಿರಲಾರದು. ಸರಿಯಾಗಿ ಹೇಳಿದವರಿಗೆ ದುಡ್ಡು ಕೈಗೆ ಕೊಡುತ್ತೇನೆ. ಬಡ್ಡಿ ಎಷ್ಟಾಯಿತು ಎಂದು ನೀವೇ ಹೇಳಿ, ಚೌಕಾಸಿ ಮಾಡುವುದಿಲ್ಲ.

ಬರುವಾಗ ಒಬ್ಬರೇ ಬರಬೇಡಿ. ಬೇಸಿನವರನ್ನೂ ಕರೆತನ್ನಿ. ಆ ಹಾಡಿನ ಎರಡನೇ ಚರಣ ಇನ್ನೂ ಬಾಕಿ ಇದೆ.

ಇಂತಿ,
ಆ ವರ್ಷದ ರಸೀದಿ ಪುಸ್ತಕದ ಹುಡುಗ,
ಶೆಟ್ಟಿಹಳ್ಳಿ, ತುಮಕೂರು